ಪ್ರೌಢಶಾಲೆಯಲ್ಲಿ ವ್ಯವಹಾರ ಅಧ್ಯಯನ ಮತ್ತು ಮಾಹಿತಿ ತಂತ್ರಜ್ಞಾನ

ಎಸ್ಸೆಸ್ಸೆಲ್ಸಿ ಎಂದರೆ 625 ಅಂಕ ಎಂಬುದು ಕರ್ನಾಟಕದ ಮನೆಮನೆಗಳಲ್ಲಿ ರೂಢಿಯಾಗಿರುವ ಲೆಕ್ಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಈ ಆರರ ಸಾಲಿನಲ್ಲಿ ವಾಣಿಜ್ಯ ಎಂಬ ಹೆಸರಿಲ್ಲ. ಹೆಚ್ಚಿನ ಮಕ್ಕಳ ಅಂಕಪಟ್ಟಿಯಲ್ಲಿ ಕಂಪ್ಯೂಟರ್ ಎಂಬ ಹೆಸರೂ ಇಲ್ಲ. ಹಾಗೆಂದು ಎರಡನ್ನೂ ಕಲಿಸುವುದಿಲ್ಲ ಎಂದಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗೆ ಸಮಾಜ ವಿಜ್ಞಾನ ಪುಸ್ತಕದ ಕಡೆಯ ಪುಟಗಳಲ್ಲಿ ‘ವ್ಯವಹಾರ ಅಧ್ಯಯನ’ ಎಂಬ ಭಾಗವಿದೆ. ಶಾಲೆಯ ಒಂದು ಕೋಣೆಯ ಬಾಗಿಲಿಗೆ ‘ಕಂಪ್ಯೂಟರ್ ಲ್ಯಾಬ್’ ಎಂಬ ಫಲಕವಿದೆ. ಹದಿಮೂರರಿಂದ ಹದಿನಾರರ ವಯಸ್ಸಿನ ಮಕ್ಕಳಿಗೆ ವ್ಯಾಪಾರ, ಲೆಕ್ಕಪತ್ರ, ಬ್ಯಾಂಕು ಮತ್ತು ಕಂಪ್ಯೂಟರ್‌ಗಳ ಪರಿಚಯ ಮಾಡಿಕೊಡುವ ಈ ಎರಡು ಧಾರೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಶಾಲೆಯೊಳಗೆ ಬಂದವು. ಊರಿನ ಕಿರಾಣಿ ಅಂಗಡಿಯಲ್ಲಿ ಇವೆರಡೂ ಒಂದೇ ಗಲ್ಲಾಪೆಟ್ಟಿಗೆಯ ಮೇಲೆ ಸೇರಿ ಎಷ್ಟೋ ವರ್ಷಗಳಾದವು. ಪಾಠದ ಕೋಣೆಯಲ್ಲಿ ಇನ್ನೂ ಪೂರ್ತಿ ಸೇರಿಲ್ಲ.

ಎರಡರಲ್ಲಿ ವಾಣಿಜ್ಯವೇ ಹಿರಿಯದು. ಭಾರತದಲ್ಲಿ ಮೊದಲ ವಾಣಿಜ್ಯ ಶಾಲೆ ಆರಂಭವಾದದ್ದು 1886ರಲ್ಲಿ, ಮದರಾಸಿನಲ್ಲಿ, ಪಚ್ಚೈಯಪ್ಪ ದತ್ತಿಯ ಧರ್ಮದರ್ಶಿಗಳ ಪ್ರಯತ್ನದಿಂದ. 1895ರಲ್ಲಿ ಕಲ್ಲಿಕೋಟೆಯಲ್ಲಿ ಸರ್ಕಾರಿ ವಾಣಿಜ್ಯ ಶಾಲೆ ಬಂತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ಹುಟ್ಟಿದ್ದು 1913ರಲ್ಲಿ. ಆಗಿನ ಪಾಠವೆಂದರೆ ಕಚೇರಿಗೆ ಬೇಕಾದ ಗುಮಾಸ್ತರನ್ನು ತಯಾರು ಮಾಡುವುದು: ಲೆಕ್ಕ ಬರೆಯುವುದು, ಪತ್ರ ವ್ಯವಹಾರ, ಬೆರಳಚ್ಚು, ಶೀಘ್ರಲಿಪಿ. ಈ ಕೊನೆಯ ಎರಡು ವಿದ್ಯೆಗಳು ಕರ್ನಾಟಕದಲ್ಲಿ ಶಾಲೆಗಿಂತ ಹೆಚ್ಚಾಗಿ ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಬೆಳೆದವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಬೆಳಿಗ್ಗೆಯೋ ಸಂಜೆಯೋ ಒಂದು ಗಂಟೆ ಅಲ್ಲಿ ಕೂತು ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಸರ್ಕಾರದ ‘ವಾಣಿಜ್ಯ ಪರೀಕ್ಷೆ’ಗಳ ಹೆಸರಿನಲ್ಲಿ ಪಾಸು ಮಾಡುತ್ತಿದ್ದರು. ಆ ಪ್ರಮಾಣಪತ್ರದ ಬಲದಿಂದ ಸರ್ಕಾರಿ ನೌಕರಿ ಹಿಡಿದು ಮನೆ ನಡೆಸಿದವರು ಬಹಳ ಮಂದಿ. ಪ್ರೌಢಶಾಲೆ ಮುಗಿಸಿದವರಿಗೆ ಕೆಲಸದ ವಿದ್ಯೆ ಕೊಟ್ಟ ಈ ಇನ್‌ಸ್ಟಿಟ್ಯೂಟುಗಳಿಗೆ ಶಿಕ್ಷಣದ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಶಾಲೆಗೂ ವ್ಯವಹಾರಕ್ಕೂ ಇರುವ ನಂಟಿಗೆ ಕರಾವಳಿಯಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನು ಕಟ್ಟಿದರು. ಹದಿನೈದು ವರ್ಷಗಳ ಬಳಿಕ, 1906ರಲ್ಲಿ, ಅವರೇ ಸ್ಥಾಪಿಸಿದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1925ರಲ್ಲಿ ಅದೇ ಊರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಉಳಿತಾಯ, ಬಡ್ಡಿ, ನಂಬಿಕೆ, ಲೆಕ್ಕ ಇವೆಲ್ಲ ಒಟ್ಟಿಗೆ ಸಿಗುವ ಇಂಥ ಪಾಠ ಬೇರೆ ಸಿಗುವುದು ಕಷ್ಟ. ಬ್ಯಾಂಕ್ ವ್ಯವಹಾರದ ಅಧ್ಯಾಯ ಮಾಡುವ ಮೇಷ್ಟರು ಪಿಗ್ಮಿಯಿಂದ ಶುರು ಮಾಡಿದರೆ ಕರಾವಳಿಯ ಮಕ್ಕಳಷ್ಟೇ ಅಲ್ಲ, ಬಯಲುಸೀಮೆಯ ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ.

ಸ್ವಾತಂತ್ರ್ಯಾನಂತರ 1964–66ರ ಕೊಠಾರಿ ಆಯೋಗ ಶಾಲೆಯಲ್ಲಿ ಕಾರ್ಯಾನುಭವ ಬೇಕು, ಮಾಧ್ಯಮಿಕ ಹಂತದಲ್ಲಿ ವೃತ್ತಿ ಶಿಕ್ಷಣ ಬೇಕು ಎಂದಿತು. ಕರ್ನಾಟಕ 1977–78ರಷ್ಟು ಮೊದಲೇ ಪಿಯು ಹಂತದಲ್ಲಿ ವೃತ್ತಿಪರ ಕೋರ್ಸುಗಳನ್ನು ತೆರೆಯಿತು. ಇವು ಮುಂದೆ ‘ಜೆಒಸಿ’ (ಜಾಬ್ ಓರಿಯೆಂಟೆಡ್ ಕೋರ್ಸ್) ಎಂದೇ ಹೆಸರಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ 1990ರ ಹೊತ್ತಿಗೆ ಶೇ 10, 1995ರ ಹೊತ್ತಿಗೆ ಶೇ 25ರಷ್ಟು ಪಿಯು ಮಟ್ಟದ ಮಕ್ಕಳು ವೃತ್ತಿ ಶಿಕ್ಷಣದಲ್ಲಿರಬೇಕೆಂದು ಗುರಿ ಇಟ್ಟಿತು. ದೇಶ ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಮಕ್ಕಳನ್ನು ವೈದ್ಯ, ಎಂಜಿನಿಯರ್ ಮಾಡುವ ಹಂಬಲದ ಮುಂದೆ ವೃತ್ತಿ ಕೋರ್ಸು ‘ಮಾರ್ಕ್ಸು ಬಾರದವರ ದಾರಿ’ ಎನಿಸಿಕೊಂಡಿತು. ಆ ಹಣೆಪಟ್ಟಿ ಈಗಲೂ ಪೂರ್ತಿ ಕಿತ್ತುಹೋಗಿಲ್ಲ.

ಶಾಲೆಗೆ ಕಂಪ್ಯೂಟರ್ ಬಂದದ್ದು 1984ರಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ ಸೇರಿ ‘ಕ್ಲಾಸ್’ ಎಂಬ ಹೆಸರಿನ ಯೋಜನೆಯನ್ನು ಸುಮಾರು 250 ಶಾಲೆಗಳಲ್ಲಿ ಪ್ರಯೋಗಕ್ಕಿಟ್ಟವು. ಅದಕ್ಕೆ ಆರಿಸಿದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಕೀಲಿಮಣೆಯ ಡಬ್ಬಿಯೊಳಗೇ ಇಡೀ ಯಂತ್ರ. ಅದರ ಮಾಡೆಲ್ ಬಿಗೆ ಇದ್ದ ನೆನಪಿನ ಸಾಮರ್ಥ್ಯ 32 ಕಿಲೋಬೈಟ್. ಮಕ್ಕಳು ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ತಮ್ಮ ಹೆಸರು ಪರದೆಯ ತುಂಬ ಮತ್ತೆ ಮತ್ತೆ ಮೂಡುವುದನ್ನು ನೋಡಿ ಬೆರಗಾಗುತ್ತಿದ್ದ ಕಾಲ ಅದು. ಯಂತ್ರಗಳೇನೋ ಬಂದವು. ಅವನ್ನು ಬಳಸಿ ಪಾಠ ಹೇಳುವಷ್ಟು ತಯಾರಾದ ಶಿಕ್ಷಕರು ಕಡಿಮೆ, ಭಾರತದ ಪಠ್ಯಕ್ಕೆ ಹೊಂದುವ ತಂತ್ರಾಂಶ ಇನ್ನೂ ಕಡಿಮೆ.

ಕರ್ನಾಟಕದ ದೊಡ್ಡ ಹೆಜ್ಜೆ ಎಂದರೆ 2001ರ ‘ಮಾಹಿತಿ ಸಿಂಧು’. ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಲುಪಿಸುವ ಈ ಯೋಜನೆಯಲ್ಲಿ ಖಾಸಗಿ ತರಬೇತಿ ಕಂಪನಿಗಳು ಕೈಜೋಡಿಸಿದವು. ಬೆಂಗಳೂರು ಸಾಫ್ಟ್‌ವೇರ್ ಊರೆಂದು ಜಗತ್ತಿಗೆ ಪರಿಚಯವಾಗುತ್ತಿದ್ದ ಹೊತ್ತಿನಲ್ಲಿ ಹಳ್ಳಿಯ ಮಗು ಮೌಸ್ ಹಿಡಿಯುವಂತಾಗಬೇಕು ಎಂಬ ಆಸೆ ಅದರ ಹಿಂದಿತ್ತು. 2004ರಲ್ಲಿ ಕೇಂದ್ರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ತಂದಿತು. 2018ರಿಂದ ಅದು ‘ಸಮಗ್ರ ಶಿಕ್ಷಣ’ ಯೋಜನೆಯ ಭಾಗ. ದೇಶದ ಹಲವು ರಾಜ್ಯಗಳು ಇದಕ್ಕೆ ಗುತ್ತಿಗೆ ಪದ್ಧತಿ ಹಿಡಿದವು: ಕಂಪನಿಯೇ ಲ್ಯಾಬ್ ಕಟ್ಟಬೇಕು, ಬೋಧಕರನ್ನು ನೇಮಿಸಬೇಕು, ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಬೇಕು. ಅವಧಿ ಮುಗಿದಾಗ ಯಂತ್ರಗಳು ಶಾಲೆಯಲ್ಲಿ ಉಳಿದವು, ಕಲಿಸುವವರು ಹೊರಟುಹೋದರು. ಯುಪಿಎಸ್‌ನ ಬ್ಯಾಟರಿ ಸತ್ತರೆ ಹೊಸದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ತೆಗೆಯಬೇಕು ಎಂಬುದು ಮುಖ್ಯ ಶಿಕ್ಷಕರ ತಲೆನೋವಾಯಿತು. ಕಂಪ್ಯೂಟರ್ ಕಲಿಕೆ ಮಧ್ಯದಲ್ಲೇ ನಿಂತದ್ದಕ್ಕೆ ಮಕ್ಕಳ ನಿರಾಸಕ್ತಿ ಕಾರಣವಾಗಿರಲಿಲ್ಲ, ಈ ಏರ್ಪಾಟೇ ಕಾರಣವಾಗಿತ್ತು.

ಇದಕ್ಕೆ ಬೇರೆಯದೇ ಉತ್ತರ ಹುಡುಕಿದ್ದು ಶಿಕ್ಷಕರ ಮೂಲಕ ಹೋದ ಕಾರ್ಯಕ್ರಮಗಳು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿತು. ಗಣಿತದ ಮೇಷ್ಟರು ಜಿಯೋಜಿಬ್ರಾದಲ್ಲಿ ತ್ರಿಕೋನ ಎಳೆಯಲು ಕಲಿತರು, ಸಮಾಜ ವಿಜ್ಞಾನದ ಮೇಡಂ ಡಿಜಿಟಲ್ ನಕ್ಷೆ ಬಳಸಿದರು. ಕನ್ನಡದಲ್ಲೇ ಪಾಠ ಸಾಮಗ್ರಿ ಬರೆದು ಎಲ್ಲರಿಗೂ ಮುಕ್ತವಾಗಿ ಹಂಚುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವೂ ಬೆಳೆಯಿತು. ಬಳಸಿದ್ದು ಬಹುಮಟ್ಟಿಗೆ ಉಬುಂಟುವಿನಂಥ ಉಚಿತ, ಮುಕ್ತ ತಂತ್ರಾಂಶ. ಮುಂದೆ ಇಲಾಖೆ ‘ಟಾಲ್ಪ್’ ಎಂಬ ಹೆಸರಿನ ತರಬೇತಿಯನ್ನು ರಾಜ್ಯದಾದ್ಯಂತ ನಡೆಸಿತು. ಶಾಲೆಯಲ್ಲೇ ಉಳಿಯುವ ಶಿಕ್ಷಕರಿಗೆ ವಿದ್ಯೆ ಬಂದರೆ ಅದು ಗುತ್ತಿಗೆಯ ಜೊತೆ ಮುಗಿದುಹೋಗುವುದಿಲ್ಲ.

ಲ್ಯಾಬಿನಲ್ಲಿ ಮಗು ಮೊದಲು ಕಲಿಯಬೇಕಾದ್ದು ತನ್ನ ಭಾಷೆಯಲ್ಲಿ ಟೈಪ್ ಮಾಡುವುದನ್ನು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದೆ. ‘ಕನ್ನಡ’ ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ಇಲ್ಲಿ ಎಫ್ ಕೀಲಿ ಒತ್ತಕ್ಷರದ ಕೊಂಡಿ. ಒತ್ತು ಎಲ್ಲಿ ಬರುತ್ತದೆ ಎಂದು ಬಾಯಲ್ಲಿ ಹೇಳಿಕೊಂಡು ಎಫ್ ಒತ್ತುವ ಎಂಟನೆಯ ತರಗತಿಯ ಮಗು ಟೈಪಿಂಗ್ ಜೊತೆಗೆ ಕಾಗುಣಿತವನ್ನೂ ತಿದ್ದಿಕೊಳ್ಳುತ್ತದೆ. ಇಷ್ಟು ಚೆಂದದ ಅಭ್ಯಾಸವನ್ನು ಬಿಟ್ಟು ನೇರವಾಗಿ ಇಂಗ್ಲಿಷ್ ಪತ್ರ ಟೈಪ್ ಮಾಡಿಸುವ ಲ್ಯಾಬುಗಳು ತಮ್ಮ ಕೈಗೆ ಸಿಕ್ಕಿದ್ದನ್ನು ಕಳೆದುಕೊಳ್ಳುತ್ತಿವೆ.

ಇನ್ನು ವ್ಯವಹಾರದ ಪಾಠ. ರಾಜ್ಯ ಪಠ್ಯಕ್ರಮದಲ್ಲಿ ಎಂಟನೆಯ ತರಗತಿಗೆ ವ್ಯವಹಾರ ಎಂದರೇನು, ವ್ಯಾಪಾರ ಮತ್ತು ಕೈಗಾರಿಕೆಯ ಸಂಬಂಧ, ಒಬ್ಬನೇ ಮಾಲೀಕನ ಅಂಗಡಿಯಿಂದ ಪಾಲುದಾರಿಕೆ, ಸಹಕಾರ ಸಂಘದವರೆಗಿನ ಸಂಘಟನೆಗಳು. ಒಂಬತ್ತಕ್ಕೆ ನಿರ್ವಹಣೆ, ಹಣಕಾಸು, ಲೆಕ್ಕಪತ್ರ. ಹತ್ತಕ್ಕೆ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ. ವಿಷಯದ ಆಯ್ಕೆ ನಿಜಕ್ಕೂ ಚೆನ್ನಾಗಿದೆ. ಹತ್ತನೆಯ ತರಗತಿ ಮುಗಿಸಿ ವಿಜ್ಞಾನಕ್ಕೋ ಕಲಾ ವಿಭಾಗಕ್ಕೋ ಹೋಗುವವರಿಗೂ ಚೆಕ್ಕು, ಖಾತೆಯ ವಿಧ, ಗ್ರಾಹಕ ವೇದಿಕೆಯ ಬಾಗಿಲು ಇಲ್ಲಿ ಪರಿಚಯವಾಗುತ್ತದೆ. ತೊಂದರೆ ಇರುವುದು ಜಾಗದಲ್ಲಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಆದ ಮೇಲೆ ಈ ಭಾಗ ಬರುತ್ತದೆ. ಅದಕ್ಕೆ ಸಿಗುವ ಅಂಕವೂ ಕಡಿಮೆ, ದಿನಗಳೂ ಕಡಿಮೆ.

ಈ ಕೊರತೆಯನ್ನು ಕರ್ನಾಟಕದ ಹಳ್ಳಿ ಶಾಲೆಗಳು ತಾವೇ ತುಂಬಿಕೊಂಡ ರೀತಿ ‘ಮಕ್ಕಳ ಸಂತೆ’. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಮಕ್ಕಳು ಸೊಪ್ಪು, ತರಕಾರಿ, ಕಡಲೆಕಾಯಿ, ಮಂಡಕ್ಕಿ ಮಾರುತ್ತಾರೆ. ಊರವರೇ ಗಿರಾಕಿಗಳು. ಒಬ್ಬ ಹುಡುಗಿ ಮೆಂತ್ಯ ಸೊಪ್ಪಿನ 20 ಕಟ್ಟುಗಳನ್ನು ತಲಾ 8 ರೂಪಾಯಿಗೆ ತಂದಳು ಎಂದಿಟ್ಟುಕೊಳ್ಳೋಣ. ಬಂಡವಾಳ 160. ಬೆಳಿಗ್ಗೆ 10 ರೂಪಾಯಿಯಂತೆ 12 ಕಟ್ಟು ಹೋಯಿತು, 120 ಬಂತು. ಬಿಸಿಲೇರಿ ಸೊಪ್ಪು ಬಾಡಿತು. ಉಳಿದ 8 ಕಟ್ಟನ್ನು 5 ರೂಪಾಯಿಗೆ ಇಳಿಸಿ ಮಾರಿದಳು, 40 ಬಂತು. ಒಟ್ಟು 160. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಮೇಷ್ಟರು ಕೇಳುತ್ತಾರೆ: ‘ಸೊಪ್ಪು ತರಲು ಆಟೋಕ್ಕೆ ಎಷ್ಟು ಕೊಟ್ಟೆ ಪುಟ್ಟೀ?’ ಕೊಂಡ ಬೆಲೆಯ ಜೊತೆ ಸಾಗಣೆ ವೆಚ್ಚವನ್ನೂ ಸೇರಿಸಬೇಕು, ಬೇಗ ಕೆಡುವ ಸರಕಿನ ಬೆಲೆ ಗಂಟೆಗಂಟೆಗೆ ಇಳಿಯುತ್ತದೆ, ಬೆಳಿಗ್ಗೆಯೇ 9 ರೂಪಾಯಿಗೆ ಬಿಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತೇನೋ. ಇಷ್ಟು ವಿಷಯ ಒಂದೇ ಬೆಳಗಿನಲ್ಲಿ ಮನಸ್ಸಿಗಿಳಿಯುತ್ತದೆ. ಮಾರನೆಯ ದಿನ ಇದೇ ಲೆಕ್ಕವನ್ನು ಲ್ಯಾಬಿನಲ್ಲಿ ಸ್ಪ್ರೆಡ್‌ಶೀಟ್‌ಗೆ ಹಾಕಿಸಿ, ಬೆಲೆಯ ಕೋಶದಲ್ಲಿ 10ರ ಬದಲು 9 ಬರೆದು ಮೊತ್ತ ತಾನಾಗಿ ಬದಲಾಗುವುದನ್ನು ತೋರಿಸಿದರೆ ವ್ಯವಹಾರ ಅಧ್ಯಯನವೂ ಮಾಹಿತಿ ತಂತ್ರಜ್ಞಾನವೂ ಒಂದೇ ಪಾಠವಾಗುತ್ತವೆ. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ.

ಅಂಕಪಟ್ಟಿಗೆ ಈ ವಿಷಯಗಳು ನೇರವಾಗಿ ಕಾಲಿಟ್ಟದ್ದು ‘ಎನ್‌ಎಸ್‌ಕ್ಯೂಎಫ್’ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಮೂಲಕ. ಕೇಂದ್ರ ಇದನ್ನು 2013ರ ಡಿಸೆಂಬರಿನಲ್ಲಿ ಅಧಿಸೂಚಿಸಿತು. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದವುಗಳಲ್ಲಿ ಒಂದನ್ನು ಓದಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಇದು ತೃತೀಯ ಭಾಷೆಯ ಸ್ಥಾನಕ್ಕೆ ಬರುತ್ತದೆ. ಹೀಗಾಗಿ ಪರೀಕ್ಷಾ ವೇಳಾಪಟ್ಟಿಯಲ್ಲಿ ಹಿಂದಿ, ಕೊಂಕಣಿ, ತುಳುವಿನ ಪಕ್ಕದಲ್ಲೇ ಐಟಿ, ರಿಟೇಲ್ ಹೆಸರುಗಳೂ ಕಾಣುತ್ತವೆ. ಪಠ್ಯದ ಹೊಣೆ ಭೋಪಾಲದಲ್ಲಿ 1993ರಲ್ಲಿ ಸ್ಥಾಪನೆಯಾದ ಪಂಡಿತ್ ಸುಂದರಲಾಲ್ ಶರ್ಮಾ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆಯದು. ರಿಟೇಲ್ ಓದುವ ಮಕ್ಕಳು ಸರಕು ಜೋಡಿಸುವುದು, ದಾಸ್ತಾನು ಎಣಿಸುವುದು, ಗಿರಾಕಿಯೊಡನೆ ಮಾತಾಡುವುದು ಕಲಿಯುತ್ತಾರೆ. ಐಟಿ ಓದುವವರಿಗೆ ಗುರಿಯಾಗಿ ಇಟ್ಟ ಹುದ್ದೆ ಡೇಟಾ ಎಂಟ್ರಿ ಆಪರೇಟರ್. ಕೋಷ್ಟಕ ತುಂಬುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುವ ಕಾಲದಲ್ಲಿ ಹದಿನೈದರ ಮಗುವಿಗೆ ಈ ಗುರಿ ತೀರಾ ಕಿರಿದು. ಇಷ್ಟಾದರೂ, ಕೈಕೆಲಸದ ವಿಷಯವೊಂದು ಭಾಷೆಯಷ್ಟೇ ತೂಕದಲ್ಲಿ 100 ಅಂಕ ಪಡೆದದ್ದು ಸಣ್ಣ ಬದಲಾವಣೆಯಲ್ಲ.

ಕೇಂದ್ರ ಪಠ್ಯಕ್ರಮದಲ್ಲಿ ಆಯ್ಕೆ ಹೆಚ್ಚು. ಸಿಬಿಎಸ್‌ಇಯ 9–10ನೇ ತರಗತಿಗೆ ಮಾಹಿತಿ ತಂತ್ರಜ್ಞಾನ (ಸಂಕೇತ 402) ಇದೆ. ಅದರಲ್ಲಿ ಲಿಖಿತ ಪರೀಕ್ಷೆಗೆ 50, ಪ್ರಾಯೋಗಿಕಕ್ಕೆ 50. ದಾಖಲೆ ಸಿದ್ಧಪಡಿಸುವುದು, ಸ್ಪ್ರೆಡ್‌ಶೀಟ್, ದತ್ತಾಂಶ ನಿರ್ವಹಣೆ ಇದರ ತಿರುಳು. 2019–20ರಿಂದ ಕೃತಕ ಬುದ್ಧಿಮತ್ತೆಯೂ (ಸಂಕೇತ 417) ಸೇರಿದೆ. ವ್ಯವಹಾರದ ಮೂಲಾಂಶಗಳು, ಲೆಕ್ಕಪತ್ರದ ಮೂಲಾಂಶಗಳು ಎಂಬ ಎರಡು ಐಚ್ಛಿಕಗಳೂ ಉಂಟು, ತೆಗೆದುಕೊಳ್ಳುವ ಶಾಲೆಗಳು ವಿರಳ. ಐಸಿಎಸ್‌ಇಯಲ್ಲಿ ಕಮರ್ಷಿಯಲ್ ಸ್ಟಡೀಸ್, ಕಂಪ್ಯೂಟರ್ ಅಪ್ಲಿಕೇಷನ್ಸ್ ಇವೆ. ಎರಡನೆಯದರಲ್ಲಿ ಮಕ್ಕಳು ಜಾವಾ ಭಾಷೆಯಲ್ಲೇ ಪ್ರೋಗ್ರಾಂ ಬರೆಯುತ್ತಾರೆ.

ನೆರೆಯ ಕೇರಳದ ದಾರಿ ಗಮನಿಸತಕ್ಕದ್ದು. 2001ರಲ್ಲಿ ಆರಂಭವಾದ ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ ಮಾಹಿತಿ ತಂತ್ರಜ್ಞಾನವನ್ನು ಹತ್ತನೆಯ ತರಗತಿಯ ಪರೀಕ್ಷೆಯವರೆಗೂ ತಂದಿತು. ಪ್ರಾಯೋಗಿಕ ಪರೀಕ್ಷೆಯೂ ಉಂಟು. ಇಡೀ ರಾಜ್ಯದ ಶಾಲಾ ಕಂಪ್ಯೂಟರ್‌ಗಳು ಮುಕ್ತ ತಂತ್ರಾಂಶಕ್ಕೆ ಹೊರಳಿದವು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು, ಮರುವರ್ಷ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳು ಶುರುವಾದವು. ಕನ್ನಡಿಗರಿಗೆ ಇಲ್ಲಿ ಇನ್ನೊಂದು ವಿಶೇಷವಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಕೇರಳ ಸರ್ಕಾರ ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಪ್ರಕಟಿಸುತ್ತದೆ. ಗಡಿಯಾಚೆಯ ಕನ್ನಡದ ಮಗು ತನ್ನ ಭಾಷೆಯಲ್ಲಿ ಕಂಪ್ಯೂಟರ್ ಓದಿ ಪರೀಕ್ಷೆ ಬರೆಯುತ್ತದೆ. ಕರ್ನಾಟಕದ ಪಠ್ಯ ರಚನೆಯವರು ಈ ಪುಸ್ತಕಗಳನ್ನು ತರಿಸಿ ನೋಡಬೇಕು.

ಏನನ್ನು ಕಲಿಸಬೇಕು ಎಂಬ ಪ್ರಶ್ನೆಯಲ್ಲಿ ಬ್ರಿಟನ್ ಎರಡು ತುದಿಗಳನ್ನೂ ಮುಟ್ಟಿ ಬಂದಿದೆ. 1980ರ ದಶಕದಲ್ಲಿ ಬಿಬಿಸಿ ಮೈಕ್ರೋ ಮುಂದೆ ಕೂತು ಪ್ರೋಗ್ರಾಂ ಬರೆದ ದೇಶ ಅದು. ಆಮೇಲೆ ಶಾಲೆಯ ಐಸಿಟಿ ಪಾಠ ಪತ್ರ ಟೈಪ್ ಮಾಡುವುದು, ಸ್ಲೈಡ್ ಮಾಡುವುದಕ್ಕೆ ಇಳಿಯಿತು. 2012ರಲ್ಲಿ ರಾಯಲ್ ಸೊಸೈಟಿಯ ವರದಿ ಇದನ್ನು ಕಟುವಾಗಿ ಟೀಕಿಸಿತು. 2014ರಲ್ಲಿ ಇಂಗ್ಲೆಂಡ್ ಐಸಿಟಿಯನ್ನು ಬದಿಗಿಟ್ಟು ಪ್ರೋಗ್ರಾಮಿಂಗ್ ಪ್ರಧಾನವಾದ ‘ಕಂಪ್ಯೂಟಿಂಗ್’ ತಂದಿತು. ಹಳೆಯ ಐಸಿಟಿಯನ್ನು ಆರಿಸಿಕೊಳ್ಳುತ್ತಿದ್ದ ಹೆಣ್ಣುಮಕ್ಕಳಲ್ಲಿ ಬಹುಮಂದಿ ಹೊಸ ವಿಷಯದ ಕಡೆ ತಿರುಗಲಿಲ್ಲ. ಬಳಸಲು ಕಲಿಸುವುದು ಮತ್ತು ಕಟ್ಟಲು ಕಲಿಸುವುದು ಎರಡೂ ಬೇಕು ಎಂದು ಅಲ್ಲಿನ ಶಿಕ್ಷಕರು ಈಗಲೂ ವಾದಿಸುತ್ತಿದ್ದಾರೆ.

ಅಮೆರಿಕದ ಹೈಸ್ಕೂಲುಗಳಲ್ಲಿ ವ್ಯವಹಾರದ ಪಾಠ ತರಗತಿಯಾಚೆ ಸಂಘಗಳ ರೂಪದಲ್ಲೂ ಬೆಳೆದಿದೆ. 1919ರ ಜೂನಿಯರ್ ಅಚೀವ್‌ಮೆಂಟ್, 1942ರಲ್ಲಿ ಟೆನೆಸಿಯ ಜಾನ್ಸನ್ ಸಿಟಿಯಲ್ಲಿ ಮೊದಲ ಶಾಖೆ ತೆರೆದ ಎಫ್‌ಬಿಎಲ್‌ಎ, 1946ರ ಡೆಕಾ ಇವುಗಳಲ್ಲಿ ಹೆಸರಾದವು. ಇತ್ತ ಭಾರತದಲ್ಲಿ ದೆಹಲಿ ಸರ್ಕಾರ 2019ರಲ್ಲಿ 9ರಿಂದ 12ನೇ ತರಗತಿಗೆ ಉದ್ಯಮಶೀಲ ಮನೋಭಾವದ ಪಠ್ಯ ತಂದಿತು. 2021ರಲ್ಲಿ ‘ಬಿಸಿನೆಸ್ ಬ್ಲಾಸ್ಟರ್ಸ್’ ಹೆಸರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳ ತಂಡಗಳಿಗೆ ವಿದ್ಯಾರ್ಥಿಯೊಬ್ಬರಿಗೆ 2,000 ರೂಪಾಯಿಯಂತೆ ಮೂಲಧನ ಕೊಟ್ಟು ಸಣ್ಣ ಉದ್ಯಮ ನಡೆಸಲು ಬಿಟ್ಟಿತು.

ಕರ್ನಾಟಕದಲ್ಲಿ ಎರಡು ಧಾರೆಗಳು ಮೊದಲ ಸಲ ಅಧಿಕೃತವಾಗಿ ಕೂಡುವುದು ಪಿಯುಸಿಯಲ್ಲಿ. ವಾಣಿಜ್ಯಕ್ಕೆ ಹೋಗುವವರು ‘ಹೆಬಾ’, ‘ಸೆಬಾ’ ಎಂದು ಮಾತಾಡಿಕೊಳ್ಳುತ್ತಾರೆ: ಇತಿಹಾಸ ಅಥವಾ ಸಂಖ್ಯಾಶಾಸ್ತ್ರದ ಜೊತೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಇತಿಹಾಸದ ಜಾಗಕ್ಕೆ ಗಣಕ ವಿಜ್ಞಾನ ಬಂದರೆ ‘ಸಿಇಬಿಎ’. ಲೆಕ್ಕ ಬರೆಯುವ ತಂತ್ರಾಂಶವನ್ನೇ ತೆಗೆದುಕೊಂಡರೆ ಅದೂ ಬೆಂಗಳೂರಿನದು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಶುರು ಮಾಡಿದ ಕಂಪನಿ ಇಂದಿನ ಟ್ಯಾಲಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಟ್ಯಾಲಿ ಬಲ್ಲವರಿಗೆ ತಾಲ್ಲೂಕು ಪೇಟೆಯಲ್ಲೂ ಬೇಡಿಕೆ ಹೆಚ್ಚಿತು. ಕಂಪ್ಯೂಟರ್ ಸೆಂಟರಿನಲ್ಲಿ ಕಲಿಯುವವರ ಬೆರಳು ಮೊದಲು ಪಳಗುವುದು ಮೇಲಿನ ಸಾಲಿನ ಕೀಲಿಗಳಿಗೆ. ಹಣ ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ದಿನವಹಿ ನಮೂದಿಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಅಂಗಡಿಯ ನಗದನ್ನು ಬ್ಯಾಂಕಿಗೆ ಕಟ್ಟಿದರೆ ಎಫ್4. ಯಾವ ಖಾತೆಗೆ ಖರ್ಚು, ಯಾವ ಖಾತೆಗೆ ಜಮಾ ಎಂಬ ತಿಳಿವಳಿಕೆ ಇಲ್ಲದವರು ಕೀಲಿಗಳನ್ನು ಬಾಯಿಪಾಠ ಮಾಡಿದರೆ ತಾಳೆಪಟ್ಟಿ ಹೊಂದುತ್ತದೆ, ಲೆಕ್ಕ ಮಾತ್ರ ತಪ್ಪಾಗಿರುತ್ತದೆ. ಉದ್ರಿ ಕೊಟ್ಟ ಮಾಲನ್ನು ನಗದು ಮಾರಾಟವೆಂದು ಬರೆದ ಒಂದೇ ನಮೂದಿನಿಂದ ಗಿರಾಕಿ ಕೊಡಬೇಕಾದ ಬಾಕಿ ಪುಸ್ತಕದಿಂದ ಮಾಯವಾಗುತ್ತದೆ. ಒಂಬತ್ತನೆಯ ತರಗತಿಯ ಆ ಲೆಕ್ಕಪತ್ರದ ಅಧ್ಯಾಯವನ್ನು ನಿಧಾನವಾಗಿ ಮಾಡಿದ್ದರೆ ಎಷ್ಟು ಉಪಕಾರವಾಗುತ್ತಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದಲೇ ವೃತ್ತಿಗಳ ಪರಿಚಯ, ಹತ್ತು ದಿನಗಳ ‘ಬ್ಯಾಗ್ ರಹಿತ’ ಅವಧಿ, 6–8ನೇ ತರಗತಿಯ ಹಂತದಿಂದ ಕೋಡಿಂಗ್ ಎಂದು ಹೇಳಿದೆ. ಮಕ್ಕಳು ಎಲ್ಲಿದ್ದಾರೆ ಎಂಬುದನ್ನು 2023ರ ‘ಅಸರ್’ ಸಮೀಕ್ಷೆ ತೋರಿಸಿತು. ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿದ ಈ ಸಮೀಕ್ಷೆಯಲ್ಲಿ ಸುಮಾರು ಶೇ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಕಳೆಯುವ ಲೆಕ್ಕವಾದರೂ ಬರುವವರಿಗೆ ಸಾಲ ಮರುಪಾವತಿಯ ಲೆಕ್ಕ ಕೊಟ್ಟಾಗ ಸರಿಯಾಗಿ ಮಾಡಿದವರು ಸುಮಾರು ಶೇ 10 ಮಾತ್ರ. ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇದ್ದರೆ ಹುಡುಗಿಯರಲ್ಲಿ ಅದು ಶೇ 19.8. ಮನೆಯಲ್ಲಿ ಫೋನ್ ಅಣ್ಣನ ಜೇಬಿನಲ್ಲೋ ಅಪ್ಪನ ಕೈಯಲ್ಲೋ ಇರುವ ಹುಡುಗಿಗೆ ಸ್ವತಃ ಕೀಲಿ ಒತ್ತಿ ಕಲಿಯಲು ಶಾಲೆಯ ಲ್ಯಾಬ್ ಒಂದೇ ಜಾಗ. ಒಂದು ಕಂಪ್ಯೂಟರಿಗೆ ಮೂವರು ಕೂರುವ ಶಾಲೆಗಳಲ್ಲಿ ಮೌಸ್ ಹೆಚ್ಚಾಗಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೇಷ್ಟರು ಗಮನಿಸಿ ಸರದಿ ಹಾಕಬೇಕಾದ್ದು ಅದಕ್ಕೇ.